ಮನೆಯಲ್ಲೇ ಸರ್ಕ್ಯೂಟ್ ಬೋರ್ಡ್: ನೇರಳಾತೀತ ಪೆಟ್ಟಿಗೆಯ ಒಳಗೇನಿರಬೇಕು, ಏನಿರಬಾರದು?

ಬಸವಕಲ್ಯಾಣ: ಇಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟುಗಳು ಹೆಚ್ಚಾಗಿ ಮುಗ್ಗರಿಸುವುದು ಅಂಗೈಯಗಲದ ಒಂದು ಬೋರ್ಡಿನಲ್ಲಿ. ಕಂಪ್ಯೂಟರಿನಲ್ಲಿ ವಿನ್ಯಾಸ ಸಿದ್ಧವಾಗಿರುತ್ತದೆ, ಬಿಡಿಭಾಗಗಳು ಹೈದರಾಬಾದಿನ ಕೋಠಿ ಮಾರುಕಟ್ಟೆಯಿಂದ ಬಂದಿರುತ್ತವೆ, ಆದರೆ ಅವನ್ನು ಕೂರಿಸಬೇಕಾದ ಸರ್ಕ್ಯೂಟ್ ಬೋರ್ಡ್ ಕೈಸೇರಿರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆ ಇಲ್ಲಿಂದ ಸುಮಾರು 700 ಕಿ.ಮೀ. ದೂರ. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹುಮನಾಬಾದ್ ದಾಟಿ ಹೋದರೆ ಹೈದರಾಬಾದ್ ಹತ್ತಿರವೇನೋ ಹೌದು. ಆದರೆ ಒಂದೇ ಒಂದು ಬೋರ್ಡ್ ಮಾಡಿಕೊಡಲು ಒಪ್ಪುವ ತಯಾರಕರು ಅಲ್ಲಿಯೂ ವಿರಳ. ಚೀನಾದ ಕಾರ್ಖಾನೆಗಳಿಗೆ ಫೈಲ್ ಕಳುಹಿಸಿದರೆ ಬೋರ್ಡಿನ ಬೆಲೆ ಅಗ್ಗವೇ. ಕೊರಿಯರ್ ಮತ್ತು ಸುಂಕ ಸೇರಿದಾಗ ಆ ಅಗ್ಗ ಉಳಿಯುವುದಿಲ್ಲ, ದಿನಗಳೂ ಉರುಳುತ್ತವೆ. ಬಂದ ಬೋರ್ಡಿನಲ್ಲಿ ಒಂದು ಗೆರೆ ತಪ್ಪಿದ್ದರೆ ಮತ್ತೆ ಅಷ್ಟೇ ಕಾಯಬೇಕು.

ಈ ಕಾಯುವಿಕೆಯನ್ನು ಒಂದು ಮಧ್ಯಾಹ್ನಕ್ಕೆ ಇಳಿಸುವ ಸಾಧನವೇ ನೇರಳಾತೀತ ಬೆಳಕಿನ ಪೆಟ್ಟಿಗೆ. ನಾಲ್ಕು ಸಣ್ಣ ಟ್ಯೂಬುಗಳು, ಒಂದು ಗಾಜು, ಒಂದು ಮುಚ್ಚಳ, ಸಮಯ ಅಳೆಯುವ ಒಂದು ವ್ಯವಸ್ಥೆ. ಹಳೆಯ ಸ್ಕ್ಯಾನರಿನ ಕವಚದಲ್ಲಿಯೂ ಇದನ್ನು ಕಟ್ಟಬಹುದು. ಕಟ್ಟುವುದು ಕಷ್ಟವಲ್ಲ. ಆದರೆ ಅದರೊಳಗೆ ಯಾವ ಟ್ಯೂಬ್ ಹಾಕುತ್ತೇವೆ ಎಂಬ ಒಂದು ಆಯ್ಕೆಯಲ್ಲಿ ಎಡವಿದರೆ ಬೋರ್ಡಿಗಿಂತ ಮೊದಲು ಕೆಡುವುದು ಕಣ್ಣು.

ಇಸ್ತ್ರಿಪೆಟ್ಟಿಗೆಯ ಮಿತಿ

ಮನೆಯಲ್ಲಿ ಬೋರ್ಡ್ ತಯಾರಿಸುವವರು ಮೊದಲು ಕೈಹಾಕುವುದು ಇಸ್ತ್ರಿಪೆಟ್ಟಿಗೆಗೆ. ಲೇಸರ್ ಪ್ರಿಂಟರಿನಲ್ಲಿ ನಯವಾದ ಕಾಗದದ ಮೇಲೆ ಚಿತ್ರ ಮುದ್ರಿಸಿ, ತಾಮ್ರದ ಮೇಲಿಟ್ಟು, ಬಿಸಿ ಇಸ್ತ್ರಿ ಒತ್ತಿದರೆ ಪ್ರಿಂಟರಿನ ಕಪ್ಪು ಪುಡಿ ತಾಮ್ರಕ್ಕೆ ಅಂಟುತ್ತದೆ. ಅರ್ಧ ಮಿಲಿಮೀಟರ್ ಅಗಲದ ಗೆರೆಗಳಿಗೆ ಇದು ಸಾಕು. ಆದರೆ ಇಂದಿನ ಐಸಿಗಳ ಕಾಲುಗಳು ಎರಡೂ ಬದಿ ಸೇರಿ ಹಿಡಿದರೂ ಉಗುರಿನಷ್ಟು ಅಗಲವಿರುವುದಿಲ್ಲ. ಅವುಗಳ ನಡುವೆ ಹಾಯಬೇಕಾದ ಗೆರೆ 0.2 ಅಥವಾ 0.25 ಮಿ.ಮೀ.ಗೆ ಇಳಿದಾಗ ಇಸ್ತ್ರಿಯ ಒತ್ತಡಕ್ಕೆ ಪುಡಿ ಹರಡಿ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬೆಳಕಿಗೆ ಆ ತೊಂದರೆಯಿಲ್ಲ, ಅದು ಒತ್ತುವುದಿಲ್ಲ.

ಬೆಳಕಿನಿಂದ ಅಚ್ಚೊತ್ತುವ ಈ ವಿದ್ಯೆ ಛಾಯಾಗ್ರಹಣದಷ್ಟೇ ಹಳೆಯದು. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1820ರ ದಶಕದಲ್ಲಿ ಲೋಹದ ತಗಡಿಗೆ ಒಂದು ಬಗೆಯ ಡಾಂಬರು ಬಳಿದು ಬೆಳಕಿಗೆ ಒಡ್ಡಿದ. ಬೆಳಕು ಬಿದ್ದ ಕಡೆ ಡಾಂಬರು ಗಟ್ಟಿಯಾಯಿತು, ಬೀಳದ ಕಡೆಯದನ್ನು ಎಣ್ಣೆಯಿಂದ ತೊಳೆದು ತೆಗೆಯಲು ಬಂತು. ಇಂದು ಉಳಿದಿರುವ ಅತಿ ಹಳೆಯ ಛಾಯಾಚಿತ್ರ ಹುಟ್ಟಿದ್ದು ಹೀಗೆ. ಸರ್ಕ್ಯೂಟನ್ನೇ ಮುದ್ರಿಸುವ ಕಲ್ಪನೆಯನ್ನು ಆಸ್ಟ್ರಿಯಾ ಮೂಲದ ಪಾಲ್ ಐಸ್ಲರ್ ಲಂಡನ್ನಿನಲ್ಲಿ 1930ರ ದಶಕದಲ್ಲಿ ರೇಡಿಯೊ ಒಂದರಲ್ಲಿ ಸಾಧಿಸಿ ತೋರಿಸಿದ. ಇಂದು ಮೈಸೂರು ಬಳಿಯ ನಂಜನಗೂಡಿನ ಎಟಿ ಅಂಡ್ ಎಸ್ ಕಾರ್ಖಾನೆಯಂತಹ ದೊಡ್ಡ ಘಟಕಗಳಲ್ಲಿಯೂ ಮೂಲ ತತ್ವ ಬೇರೆಯಲ್ಲ. ಬೆಳಕು ಬೀಳುವ ಕಡೆ ಒಂದು ಪರಿಣಾಮ, ಬೀಳದ ಕಡೆ ಇನ್ನೊಂದು.

ಹಾಗೆ ನೋಡಿದರೆ ಈ ವಿದ್ಯೆ ಬಸವಕಲ್ಯಾಣ, ಹುಮನಾಬಾದಿನಂತಹ ಊರುಗಳಿಗೆ ಹೊಸದಲ್ಲ. ಮದುವೆ ಕರೆಯೋಲೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯವರು ಬಲೆಯ ಬಟ್ಟೆಗೆ ರಾಸಾಯನಿಕ ಬಳಿದು, ಮೇಲೆ ಕಪ್ಪು ಅಕ್ಷರಗಳ ಹಾಳೆಯಿಟ್ಟು, ಗಾಜಿನ ಮೇಜಿನ ಕೆಳಗೆ ದೀಪ ಹೊತ್ತಿಸುವುದು ಇದೇ ಕೆಲಸ. ಆಫ್‌ಸೆಟ್ ಮುದ್ರಣದಲ್ಲಿ ಪತ್ರಿಕೆಯ ಪುಟ ಅಲ್ಯುಮಿನಿಯಂ ತಗಡಿಗೆ ಇಳಿಯುತ್ತಿದ್ದುದೂ ದಶಕಗಳ ಕಾಲ ಹೀಗೆಯೇ. ಇನ್ನು ಲೋಹದ ಒಂದು ಭಾಗದ ಮೇಲೆ ಮಾತ್ರ ರಾಸಾಯನಿಕ ಕೆಲಸ ಮಾಡಿ ಇನ್ನೊಂದನ್ನು ಹಾಗೆಯೇ ಬಿಡುವ ಜಾಣ್ಮೆಗೆ ಬೀದರ್ ಜಿಲ್ಲೆ ಹೊರಗೆ ನೋಡಬೇಕಾಗಿಯೇ ಇಲ್ಲ. ಬಿದರಿ ಪಾತ್ರೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಲೇಪ ಹಚ್ಚಿದಾಗ ಸತುವಿನ ಮೈ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಬೆಳಕು ಮಾಡುವ ಕೆಲಸ

ಬೋರ್ಡ್ ಎಂದರೆ ಗಾಜಿನ ನಾರು ಮತ್ತು ರಾಳದ ಹಲಗೆಗೆ ಅಂಟಿಸಿದ ತಾಮ್ರದ ತೆಳುಹಾಳೆ. ಸಾಮಾನ್ಯವಾಗಿ ತಾಮ್ರದ ದಪ್ಪ 35 ಮೈಕ್ರಾನ್, ಅಂದರೆ ಮಿಲಿಮೀಟರಿನ ಮೂವತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರ ಮೇಲೆ ಬೆಳಕಿಗೆ ಸ್ಪಂದಿಸುವ ಫೋಟೊರೆಸಿಸ್ಟ್ ಎಂಬ ಪದರವಿರುತ್ತದೆ. ಇದರಲ್ಲಿ ಎರಡು ಬಗೆ.

ಮೊದಲನೆಯದು ಪಾಸಿಟಿವ್. ಬೆಳಕು ಬಿದ್ದ ಭಾಗ ಆಮ್ಲವಾಗಿ ಮಾರ್ಪಟ್ಟು ಕ್ಷಾರದ ನೀರಿನಲ್ಲಿ ಕರಗಿಹೋಗುತ್ತದೆ, ಕಪ್ಪು ಗೆರೆಯ ನೆರಳಿನಲ್ಲಿದ್ದುದು ಉಳಿಯುತ್ತದೆ. ಈ ಲೇಪ ಹಚ್ಚಿದ ಬೋರ್ಡುಗಳೇ ಸಿದ್ಧವಾಗಿ ಸಿಗುತ್ತವೆ, ಬೆಲೆ ಹೆಚ್ಚು. ಎರಡನೆಯದು ನೆಗೆಟಿವ್. ಇದು ನೀಲಿ ಬಣ್ಣದ ತೆಳು ಹಾಳೆಯ ರೂಪದಲ್ಲಿ ಸುರುಳಿಯಾಗಿ ಸಿಗುತ್ತದೆ, ‘ಡ್ರೈ ಫಿಲ್ಮ್’ ಎಂದು ಹೆಸರು. ಬೆಳಕು ಬಿದ್ದ ಭಾಗವೇ ಇಲ್ಲಿ ಗಟ್ಟಿಯಾಗಿ ಉಳಿಯುವುದರಿಂದ ಚಿತ್ರವನ್ನು ತಿರುವುಮುರುವಾಗಿ, ಕಪ್ಪು ಹಿನ್ನೆಲೆಯಲ್ಲಿ ಪಾರದರ್ಶಕ ಗೆರೆಗಳಾಗಿ ಮುದ್ರಿಸಬೇಕು. ಜೆರಾಕ್ಸ್ ಅಂಗಡಿಯ ಲ್ಯಾಮಿನೇಷನ್ ಯಂತ್ರದಲ್ಲಿ ಎರಡು ಮೂರು ಸಲ ಹಾಯಿಸಿದರೆ ಫಿಲ್ಮ್ ತಾಮ್ರಕ್ಕೆ ಕೂರುತ್ತದೆ. ಸಣ್ಣ ಊರಿನಲ್ಲಿ ಕುಳಿತು ಕೆಲಸ ಮಾಡುವವರಿಗೆ ಇದೇ ವಾಸಿ. ಅಗ್ಗ, ಬೇಕಾದಷ್ಟೇ ಕತ್ತರಿಸಿಕೊಳ್ಳಬಹುದು, ಕೆಟ್ಟರೆ ಕಿತ್ತು ಮತ್ತೊಂದು ಅಂಟಿಸಬಹುದು.

ಎರಡೂ ಬಗೆಯವು ಸ್ಪಂದಿಸುವುದು ಮುಖ್ಯವಾಗಿ 350ರಿಂದ 405 ನ್ಯಾನೊಮೀಟರ್ ತರಂಗಾಂತರದ ಬೆಳಕಿಗೆ. ಮನುಷ್ಯನ ಕಣ್ಣಿಗೆ ನೇರಳೆ ಮುಗಿಯುವ ಅಂಚು ಇದು.

ಟ್ಯೂಬಿನ ಮೇಲಿನ ಅಕ್ಷರ

ಇಡೀ ವಿಷಯದಲ್ಲಿ ನಿಂತು ಓದಬೇಕಾದ ಭಾಗ ಇದು. ‘ಯುವಿ’ ಎಂಬ ಒಂದೇ ಹೆಸರಿನಡಿ ಅಂಗಡಿಯಲ್ಲಿ ಬಗೆಬಗೆಯ ದೀಪಗಳು ಸಿಗುತ್ತವೆ. 315ರಿಂದ 400 ನ್ಯಾನೊಮೀಟರ್ ವರೆಗಿನದು ಯುವಿ-ಎ, 280ರಿಂದ 315ರ ವರೆಗಿನದು ಯುವಿ-ಬಿ, 280ಕ್ಕಿಂತ ಕೆಳಗಿನದು ಯುವಿ-ಸಿ. ಬೋರ್ಡಿಗೆ ಬೇಕಾದುದು ಮೊದಲನೆಯದು ಮಾತ್ರ. ಮನೆಯ ನೀರು ಶುದ್ಧೀಕರಣ ಯಂತ್ರದೊಳಗಿನ ಟ್ಯೂಬು, ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯ ರೋಗಾಣುನಾಶಕ ಟ್ಯೂಬು ಇವೆಲ್ಲ 254 ನ್ಯಾನೊಮೀಟರಿನ ಯುವಿ-ಸಿ. 2020ರ ಕೋವಿಡ್ ಕಾಲದಲ್ಲಿ ಮೊಬೈಲು, ತರಕಾರಿ, ನೋಟುಗಳನ್ನು ಶುದ್ಧಗೊಳಿಸುವ ಹೆಸರಿನಲ್ಲಿ ಇಂತಹ ದೀಪಗಳು ಮನೆಮನೆ ಸೇರಿದವು. ಕೈ ಅಥವಾ ಚರ್ಮ ಶುದ್ಧಿಗೆ ಇವನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಆಗಲೇ ಎಚ್ಚರಿಸಬೇಕಾಯಿತು. ಕೋವಿಡ್ ಭಯ ಇಳಿದ ಮೇಲೆ ಮೂಲೆ ಸೇರಿದ ಆ ಪೆಟ್ಟಿಗೆಯನ್ನು ಬಿಚ್ಚಿ ಟ್ಯೂಬ್ ತೆಗೆದುಕೊಳ್ಳುವ ಆಲೋಚನೆ ಯಾವ ವಿದ್ಯಾರ್ಥಿಗೂ ಸಹಜವಾಗಿ ಬರಬಹುದು.

ತೊಂದರೆಯೆಂದರೆ ಎರಡರ ಅಳತೆಯೂ ಒಂದೇ, ಹೋಲ್ಡರೂ ಒಂದೇ. 8 ವ್ಯಾಟಿನ, ಸುಮಾರು ಒಂದಡಿ ಉದ್ದದ ಟ್ಯೂಬ್ ಮೇಲೆ ‘ಎಫ್8ಟಿ5/ಬಿಎಲ್’ ಅಥವಾ ‘ಬಿಎಲ್‌ಬಿ’ ಎಂದಿದ್ದರೆ ಅದು ಯುವಿ-ಎ. ‘ಜಿ8ಟಿ5’ ಅಥವಾ ‘ಟಿಯುವಿ’ ಎಂದಿದ್ದರೆ ಅದು ರೋಗಾಣುನಾಶಕ. ಕಣ್ಣಿಗೆ ಕಾಣುವ ವ್ಯತ್ಯಾಸವೂ ಇದೆ. ಬಿಎಲ್ ಟ್ಯೂಬ್ ಸಾಮಾನ್ಯ ಟ್ಯೂಬ್‌ಲೈಟಿನಂತೆ ಬೆಳ್ಳಗಿರುತ್ತದೆ, ಬಿಎಲ್‌ಬಿ ಕಡುನೇರಳೆಯಾಗಿ ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ. ರೋಗಾಣುನಾಶಕ ಟ್ಯೂಬಿನ ಗಾಜು ಮಾತ್ರ ನೀರಿನಂತೆ ಪಾರದರ್ಶಕ, ಒಳಗಿನ ತಂತಿ ಸ್ಪಷ್ಟವಾಗಿ ಕಾಣುತ್ತದೆ. ಗುರುತು ಅಳಿಸಿಹೋದ ಪಾರದರ್ಶಕ ಟ್ಯೂಬನ್ನು ಹೊತ್ತಿಸಿ ಪರೀಕ್ಷಿಸುವುದು ಬೇಡವೇ ಬೇಡ.

ಯುವಿ-ಸಿ ಕಣ್ಣಿಗೆ ಬಿದ್ದಾಗ ಆ ಕ್ಷಣಕ್ಕೆ ಏನೂ ಅನಿಸುವುದಿಲ್ಲ. ಕೆಲವು ಗಂಟೆಗಳ ಬಳಿಕ, ಹಲವೊಮ್ಮೆ ನಡುರಾತ್ರಿ, ಕಣ್ಣಿನಲ್ಲಿ ಮರಳು ತುಂಬಿದಂತೆ ಉರಿ ಶುರುವಾಗುತ್ತದೆ. ಕನ್ನಡಕವಿಲ್ಲದೆ ವೆಲ್ಡಿಂಗ್ ನೋಡಿದವರಿಗೆ ಈ ನೋವು ಗೊತ್ತು. ವಿಚಿತ್ರವೆಂದರೆ ಇಷ್ಟೆಲ್ಲ ಅಪಾಯದ ಈ ಟ್ಯೂಬಿನಿಂದ ಬೋರ್ಡ್ ಸರಿಯಾಗಿ ಅಚ್ಚಾಗುವುದೂ ಇಲ್ಲ. ಕಿಟಕಿಯ ಸಾಮಾನ್ಯ ಗಾಜು 254 ನ್ಯಾನೊಮೀಟರಿನ ಬೆಳಕನ್ನು ಬಹುತೇಕ ಪೂರ್ತಿ ತಡೆಯುತ್ತದೆ, 365ರ ಬೆಳಕಿನ ಹೆಚ್ಚಿನ ಪಾಲನ್ನು ಬಿಟ್ಟುಕೊಡುತ್ತದೆ.

ಸರಿಯಾದ ಟ್ಯೂಬ್ ಹುಡುಕಲು ಬೆಂಗಳೂರಿಗೇನೂ ಹೋಗಬೇಕಿಲ್ಲ. ಮಿಠಾಯಿ ಅಂಗಡಿ, ಹೋಟೆಲುಗಳಲ್ಲಿ ನೊಣ ಹಿಡಿಯಲು ನೇತುಹಾಕುವ ನೀಲಿ ದೀಪದ ಯಂತ್ರದಲ್ಲಿರುವುದು ಇದೇ ಯುವಿ-ಎ ಟ್ಯೂಬ್. ಖೋಟಾನೋಟು ಪರೀಕ್ಷಿಸುವ ಯಂತ್ರದಲ್ಲಿ ಇದರ ಚಿಕ್ಕ ರೂಪವಿದೆ. ಬದಲಿ ಟ್ಯೂಬುಗಳನ್ನು ವಿದ್ಯುತ್ ಸಾಮಾನಿನ ಅಂಗಡಿಗಳು ತರಿಸಿಕೊಡುತ್ತವೆ.

ಕಟ್ಟುವ ಕ್ರಮ

ಕೈಯಗಲದ ಬೋರ್ಡುಗಳಿಗೆ 8 ವ್ಯಾಟಿನ ನಾಲ್ಕು ಟ್ಯೂಬುಗಳು ಸಾಕು. ಒಂದು ಟ್ಯೂಬಿನ ನಡುವಿನಿಂದ ಮತ್ತೊಂದರ ನಡುವಿಗೆ 4ರಿಂದ 5 ಸೆಂ.ಮೀ. ಅಂತರವಿರಲಿ. ಗಾಜು ಟ್ಯೂಬುಗಳಿಂದ ಕನಿಷ್ಠ ಅಷ್ಟೇ ದೂರದಲ್ಲಿರಬೇಕು, 5ರಿಂದ 6 ಸೆಂ.ಮೀ. ಇದ್ದರೆ ಒಳ್ಳೆಯದು. ಇನ್ನೂ ಹತ್ತಿರ ತಂದರೆ ಟ್ಯೂಬಿನ ನೇರಕ್ಕೆ ಪ್ರಖರವಾಗಿ, ನಡುವೆ ಮಂಕಾಗಿ ಪಟ್ಟೆಪಟ್ಟೆಯ ಬೆಳಕು ಬೀಳುತ್ತದೆ. ಬೋರ್ಡಿನ ಒಂದು ಅಂಚು ಸರಿಯಾಗಿ ಬಂದು ಇನ್ನೊಂದು ಅಂಚು ಕೆಡುವುದಕ್ಕೆ ಇದು ಸಾಮಾನ್ಯ ಕಾರಣ. ಪೆಟ್ಟಿಗೆಯ ಒಳಮೈಗೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಅಂಟಿಸಿದರೆ ಅಂಚುಗಳಿಗೂ ಬೆಳಕು ತಲುಪುತ್ತದೆ. ಆದರೆ ಆ ಹಾಳೆ ಟ್ಯೂಬಿನ ಹೋಲ್ಡರುಗಳ ಬಳಿ ಸುಳಿಯಬಾರದು, ಅದು ವಿದ್ಯುತ್ ಹರಿಯುವ ಲೋಹ.

ಚೋಕ್ ಮತ್ತು ಸ್ಟಾರ್ಟರುಗಳು ಬಿಸಿಯಾಗುವುದರಿಂದ ಅವುಗಳಿಗೆ ಪ್ರತ್ಯೇಕ ಅರೆ ಮಾಡಿ ಗಾಳಿಗೆ ರಂಧ್ರ ಬಿಡಬೇಕು. ರಂಧ್ರದಿಂದ ಬೆಳಕು ನೇರವಾಗಿ ಹೊರಬೀಳದಂತಿರಲಿ. 230 ವೋಲ್ಟಿನ ಕೆಲಸವಾದ್ದರಿಂದ ಲೋಹದ ಭಾಗಗಳಿಗೆ ಅರ್ಥಿಂಗ್, ಸಂಪರ್ಕಕ್ಕೆ ಫ್ಯೂಸ್ ಇರಲೇಬೇಕು. ಹೊಸಬರು ಕೊನೆಯ ಸಂಪರ್ಕವನ್ನು ತಿಳಿದ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿದರೆ ನಷ್ಟವೇನಿಲ್ಲ.

ಬಿಜಾಗರಿ ಹಾಕಿದ ಮುಚ್ಚಳಕ್ಕೆ ಒಳಗಡೆ ದಪ್ಪ ಸ್ಪಂಜು. ಮುಚ್ಚಳ ತೆರೆದೊಡನೆ ದೀಪ ಆರಿಸುವ ಒಂದು ಸಣ್ಣ ಮೈಕ್ರೊಸ್ವಿಚ್. ನಲವತ್ತು ಐವತ್ತು ರೂಪಾಯಿಯ ಈ ಸ್ವಿಚ್ಚನ್ನು ಬಹುತೇಕ ಮಂದಿ ‘ಆಮೇಲೆ ಹಾಕಿದರಾಯಿತು’ ಎಂದು ಬಿಡುತ್ತಾರೆ. ಯುವಿ-ಎ ಕಿರಣ ಯುವಿ-ಸಿಯಷ್ಟು ಕ್ರೂರವಲ್ಲ ನಿಜ, ಆದರೆ ಇಣುಕಿ ನೋಡುವ ಚಟ ದಿನಕ್ಕೆ ಹತ್ತು ಸಲವಾದರೆ ಕಣ್ಣಿನ ಮಸೂರಕ್ಕೆ ಒಳ್ಳೆಯದಲ್ಲ. ಮನೆಯಲ್ಲಿ ಮಕ್ಕಳಿದ್ದರಂತೂ ಸ್ವಿಚ್ಚಿಲ್ಲದ ಪೆಟ್ಟಿಗೆ ಇರಬಾರದು.

ಟ್ಯೂಬಿನ ಗೋಜು ಬೇಡವೆನ್ನುವವರಿಗೆ ಯುವಿ ಎಲ್‌ಇಡಿಗಳಿವೆ. 395ರಿಂದ 405 ನ್ಯಾನೊಮೀಟರಿನ 5 ಮಿ.ಮೀ. ಎಲ್‌ಇಡಿಗಳು ಅಗ್ಗವಾಗಿ ಸಿಗುತ್ತವೆ. ಒಂದೊಂದಕ್ಕೆ ಸುಮಾರು 3.3 ವೋಲ್ಟ್ ಬೇಕು. ಮೂರನ್ನು ಸಾಲಾಗಿ ಜೋಡಿಸಿದರೆ 9.9 ವೋಲ್ಟ್, 12 ವೋಲ್ಟಿನ ಅಡಾಪ್ಟರಿನಲ್ಲಿ ಉಳಿಯುವ 2.1 ವೋಲ್ಟನ್ನು 20 ಮಿಲಿ ಆಂಪಿಯರಿಗೆ ತಡೆಯಲು 105 ಓಮ್ ಆಗುತ್ತದೆ, ಅಂಗಡಿಯಲ್ಲಿ 120 ಓಮಿನ ರೆಸಿಸ್ಟರ್ ಕೇಳಿದರೆ ಸರಿ. 60 ಎಲ್‌ಇಡಿಗಳ 20 ಸಾಲುಗಳಿಗೆ ಒಟ್ಟು 400 ಮಿಲಿ ಆಂಪಿಯರ್ ಸಾಕು. ಕಿರಿದಾದ ಕೋನದಲ್ಲಿ ಬೆಳಕು ಚೆಲ್ಲುವವು ಚುಕ್ಕೆಚುಕ್ಕೆಯ ಬೆಳಕು ಕೊಡುತ್ತವೆ. ಅಗಲ ಕೋನದವನ್ನೇ ಆರಿಸಬೇಕು, ಇಲ್ಲವೇ ಗಾಜನ್ನು ಮೇಲಕ್ಕೆತ್ತಬೇಕು. 12 ವೋಲ್ಟಿನಿಂದ ಆಘಾತದ ಭಯವಿಲ್ಲ, ಪಾದರಸವಿಲ್ಲ. ಹೊಸದಾಗಿ ಕಟ್ಟುವವರಿಗೆ ಇಂದು ಇದೇ ಯೋಗ್ಯವೆನ್ನಬೇಕು.

ಬಸವಕಲ್ಯಾಣದ ಬಿಸಿಲೂ ಉಚಿತವಾಗಿ ಯುವಿ-ಎ ಕೊಡುತ್ತದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಧ್ಯಾಹ್ನದ ಬಿಸಿಲಿನಲ್ಲಿ ಡ್ರೈ ಫಿಲ್ಮ್ ಅಚ್ಚಾಗುತ್ತದೆ. ಆದರೆ ಒಂದು ಮೋಡ ಹಾಯ್ದರೆ ಲೆಕ್ಕ ತಪ್ಪುತ್ತದೆ, ನವೆಂಬರಿನ ಸೂರ್ಯ ಮೇ ತಿಂಗಳ ಸೂರ್ಯನಲ್ಲ. ಪೆಟ್ಟಿಗೆಯ ಬೆಲೆ ಇರುವುದು ಬೆಳಕಿನಲ್ಲಲ್ಲ, ನಿನ್ನೆಯ ಬೆಳಕನ್ನೇ ಇಂದೂ ಕೊಡುವುದರಲ್ಲಿ.

ಎಷ್ಟು ಹೊತ್ತು?

ಎಲ್ಲರೂ ಕೇಳುವ ಈ ಪ್ರಶ್ನೆಗೆ ಬೇರೆಯವರ ಉತ್ತರ ಉಪಯೋಗಕ್ಕೆ ಬಾರದು. ಟ್ಯೂಬಿನ ವಯಸ್ಸು, ಗಾಜಿನ ದಪ್ಪ, ಫಿಲ್ಮಿನ ತಯಾರಿ ಎಲ್ಲವೂ ಬೇರೆಬೇರೆ. ಮೇಲೆ ಹೇಳಿದ ನಾಲ್ಕು ಟ್ಯೂಬಿನ ಪೆಟ್ಟಿಗೆಯಲ್ಲಿ ಪಾಸಿಟಿವ್ ಬೋರ್ಡಿಗೆ ಕೆಲವು ನಿಮಿಷ, ಡ್ರೈ ಫಿಲ್ಮಿಗೆ ಅದಕ್ಕಿಂತ ಕಡಿಮೆ ಎಂಬುದು ಅಂದಾಜು ಮಾತ್ರ. ತನ್ನ ಪೆಟ್ಟಿಗೆಯ ಸಮಯವನ್ನು ತಾನೇ ಕಂಡುಕೊಳ್ಳುವ ದಾರಿ ಸುಲಭ. ಬೋರ್ಡಿನ ಒಂದು ಉದ್ದ ಚೂರನ್ನು ಗೆರೆಗಳ ಚಿತ್ರದಡಿ ಇಟ್ಟು, ಒಂದು ಗೇಣು ಅಗಲದ ಕಪ್ಪು ರಟ್ಟನ್ನು ಗಾಜು ಮತ್ತು ಚಿತ್ರದ ನಡುವೆ ತೂರಿಸಿ, 30 ಸೆಕೆಂಡಿಗೊಮ್ಮೆ ಒಂದೊಂದು ಸೆಂ.ಮೀ. ಹೊರಗೆಳೆಯಬೇಕು. ರಟ್ಟು ಎಳೆಯುವಾಗಲೆಲ್ಲ ದೀಪ ಆರಿರಬೇಕು. ತೊಳೆದಾಗ ಆ ಚೂರಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಫಲಿತಾಂಶ ಮೂಡುತ್ತದೆ. ಪಾಸಿಟಿವ್ ಬೋರ್ಡಿನಲ್ಲಿ ಕಡಿಮೆ ಬೆಳಕು ಬಿದ್ದ ಮೆಟ್ಟಿಲಿನಲ್ಲಿ ಲೇಪ ಪೂರ್ತಿ ಬಿಡುವುದಿಲ್ಲ. ಡ್ರೈ ಫಿಲ್ಮಿನಲ್ಲಿ ಇದಕ್ಕೆ ವಿರುದ್ಧ, ಕಡಿಮೆಯಾದರೆ ಗೆರೆಯೇ ತೊಳೆದುಹೋಗುತ್ತದೆ, ಹೆಚ್ಚಾದರೆ ಗೆರೆ ದಪ್ಪಗಾಗಿ ಪಕ್ಕದ್ದಕ್ಕೆ ಅಂಟುತ್ತದೆ. ಗೆರೆಗಳು ಚೊಕ್ಕವಾಗಿರುವ ಮೆಟ್ಟಿಲೇ ಆ ಪೆಟ್ಟಿಗೆಯ ಸಮಯ.

ವೋಲ್ಟೇಜ್ ಏರಿಳಿತವಿರುವ ಊರುಗಳಲ್ಲಿ ಇನ್ನೊಂದು ತೊಡಕು. ಚೋಕಿನ ಮೇಲೆ ನಡೆಯುವ ಟ್ಯೂಬಿನ ಬೆಳಕು ವೋಲ್ಟೇಜ್ ಇಳಿದರೆ ತಾನೂ ಇಳಿಯುತ್ತದೆ. ಸಂಜೆ ಮನೆಮನೆಯ ದೀಪ ಹೊತ್ತಿದಾಗ ಬೆಳಗಿನ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಟ್ಯೂಬ್ ಹೊತ್ತಿಸಿ ಒಂದೆರಡು ನಿಮಿಷ ಬಿಟ್ಟು, ಬೆಳಕು ಸ್ಥಿರವಾದ ಮೇಲೆ ಬೋರ್ಡ್ ಇಡುವುದು ರೂಢಿಯಾಗಬೇಕು. 12 ವೋಲ್ಟಿನ ಅಡಾಪ್ಟರ್ ಮೇಲೆ ನಡೆಯುವ ಎಲ್‌ಇಡಿಗೆ ಈ ಕಾಟವಿಲ್ಲ.

ಗೆರೆ ಕೆಡುವ ಮತ್ತೊಂದು ಜಾಗ ಚಿತ್ರದ ಹಾಳೆ. ಓಎಚ್‌ಪಿ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಮುದ್ರಿತ ಮುಖ ಮೇಲಿದ್ದರೆ ಓರೆಯಾಗಿ ಬರುವ ಬೆಳಕು ಆ ದಪ್ಪದಲ್ಲಿ ಗೆರೆಯ ಅಡಿಗೆ ನುಸುಳುತ್ತದೆ. 0.25 ಮಿ.ಮೀ. ಗೆರೆಯನ್ನು ಎರಡೂ ಕಡೆಯಿಂದ ಹೀಗೆ ಕೊರೆದರೆ ಉಳಿಯುವುದೆಷ್ಟು? ಆದ್ದರಿಂದ ಚಿತ್ರವನ್ನು ಕನ್ನಡಿಯ ಪ್ರತಿಬಿಂಬದಂತೆ ಮುದ್ರಿಸಿ, ಮಸಿಯಿರುವ ಮುಖವೇ ಬೋರ್ಡಿಗೆ ತಾಗುವಂತೆ ಇಡಬೇಕು. ಸ್ಪಂಜಿನ ಮುಚ್ಚಳ ಬಿಗಿಯಾಗಿ ಒತ್ತಬೇಕಾದುದೂ ಇದಕ್ಕಾಗಿಯೇ. ಲೇಸರ್ ಮುದ್ರಣವನ್ನು ದೀಪಕ್ಕೆ ಹಿಡಿದಾಗ ಕಪ್ಪಿನಲ್ಲಿ ಸೂಜಿಮೊನೆಯಂತಹ ರಂಧ್ರಗಳು ಕಂಡರೆ ಎರಡು ಹಾಳೆಗಳನ್ನು ಒಂದರ ಮೇಲೊಂದು ಕೂಡಿಸುವುದುಂಟು.

ತೊಳೆಯುವ ನೀರು

ಡ್ರೈ ಫಿಲ್ಮಿಗೆ ಲೀಟರ್ ನೀರಿಗೆ 10 ಗ್ರಾಂ ಬಟ್ಟೆ ಒಗೆಯುವ ಸೋಡಾ ಪುಡಿ. ಹರಳಿನ ರೂಪದ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಅದು 27 ಗ್ರಾಂ ಬೇಕಾಗುತ್ತದೆ. ಅಡುಗೆ ಸೋಡಾ ಇದಕ್ಕೆ ಆಗುವುದಿಲ್ಲ. ತೊಳೆಯುವ ಮುನ್ನ ಫಿಲ್ಮಿನ ಮೇಲಿನ ಪಾರದರ್ಶಕ ಹೊದಿಕೆ ಕೀಳಲು ಮರೆಯಬಾರದು. ಪಾಸಿಟಿವ್ ಬೋರ್ಡಿಗೆ ಲೀಟರಿಗೆ 7ರಿಂದ 10 ಗ್ರಾಂ ಕಾಸ್ಟಿಕ್ ಸೋಡಾ. ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಕಡ್ಡಾಯ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಓಡಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಿರಲಿ, ಅಲ್ಯುಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದುಹಾಕುತ್ತದೆ.

ಈ ಅಳತೆಗಳೆಲ್ಲ 25 ಡಿಗ್ರಿ ಆಸುಪಾಸಿನ ನೀರಿಗೆ ಹೇಳಿದವು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಕಲ್ಯಾಣ ಕರ್ನಾಟಕದಲ್ಲಿ ಮೇಲ್ಛಾವಣಿಯ ಟ್ಯಾಂಕಿನ ನೀರು ಕೈಗೆ ಸುಡುವಂತಿರುತ್ತದೆ. ಅದರಲ್ಲಿ ಅದ್ದಿದ ಬೋರ್ಡಿನ ಗೆರೆಗಳು ಕಣ್ಣೆದುರೇ ಕರಗಿಹೋದರೆ ದೋಷ ಪೆಟ್ಟಿಗೆಯದಲ್ಲ. ಮಡಕೆಯ ನೀರು ಬಳಸಬೇಕು, ಫಿಲ್ಮಿನ ಸುರುಳಿಯನ್ನು ಕಪ್ಪು ಚೀಲದಲ್ಲಿ ಸುತ್ತಿ ತಂಪಾದ ಕಡೆ ಇಡಬೇಕು. ತಾಮ್ರ ಕೊರೆಯುವ ಮುಂದಿನ ಹಂತಕ್ಕೆ ಮಾತ್ರ ಈ ಸೆಕೆ ವರವೇ. ಅಲ್ಲಿ ಬಳಸುವ ಫೆರಿಕ್ ಕ್ಲೋರೈಡ್ ದ್ರಾವಣ ಬೆಚ್ಚಗಿದ್ದಷ್ಟೂ ಚುರುಕು.

ಫೆರಿಕ್ ಕ್ಲೋರೈಡ್ ತಾಮ್ರವನ್ನು ಕರಗಿಸಿ ತನ್ನೊಳಗೆ ಎಳೆದುಕೊಳ್ಳುತ್ತದೆ. ಕಂದು ದ್ರಾವಣ ಕ್ರಮೇಣ ಹಸಿರಿಗೆ ತಿರುಗಿ ಸೋಲುತ್ತದೆ. ಆ ಸೋತ ದ್ರಾವಣವನ್ನು ಬಚ್ಚಲಿಗೆ ಸುರಿದರೆ ಲೋಹದ ಕೊಳವೆ ತೂತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ಕರಗಿದ ತಾಮ್ರ ಮೀನು, ಪಾಚಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ. ಚರಂಡಿಯ ನೀರು ಕೊನೆಗೆ ಯಾವುದಾದರೊಂದು ಕೆರೆಗೋ ಹಳ್ಳಕ್ಕೋ ಸೇರುವಂಥದ್ದೇ, ತ್ರಿಪುರಾಂತ ಕೆರೆಯಂತಹ ಜಲಾಶಯವಿರುವ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ದ್ರಾವಣವನ್ನು ಹೆಸರು ಬರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಹಲವು ಸಲ ಬಳಸಬಹುದು. ಪೂರ್ತಿ ಸೋತ ಮೇಲೆ ನೊರೆ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ಸೋಡಾ ಹಾಕಿದರೆ ಲೋಹಗಳು ಕೆಸರಾಗಿ ತಳಕ್ಕಿಳಿಯುತ್ತವೆ. ಒಣಗಿದ ಆ ಕೆಸರನ್ನು ಮನೆಯ ಕಸಕ್ಕೆ ಹಾಕದೆ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ತ್ಯಾಜ್ಯಕ್ಕೆ ಸೇರಿಸಬೇಕು.

ಎಲ್ಲವೂ ಈ ಪೆಟ್ಟಿಗೆಯಿಂದ ಆಗದು. ಬೋರ್ಡಿನ ಎರಡು ಮುಖಗಳನ್ನು ಬೆಸೆಯುವ, ಒಳಗೋಡೆಗೆ ತಾಮ್ರ ಲೇಪಿಸಿದ ರಂಧ್ರಗಳು ಮನೆಯಲ್ಲಿ ದುಸ್ಸಾಧ್ಯ, ತಂತಿಯ ತುಂಡು ಹಾಯಿಸಿ ಬೆಸುಗೆ ಹಾಕಿಕೊಳ್ಳಬೇಕು. ನಾಲ್ಕು ಪದರದ ಬೋರ್ಡಿನ ಮಾತಂತೂ ಇಲ್ಲವೇ ಇಲ್ಲ. ಹತ್ತಕ್ಕಿಂತ ಹೆಚ್ಚು ಬೋರ್ಡ್ ಬೇಕಾದಾಗ ಕಾರ್ಖಾನೆಗೆ ಕಳುಹಿಸುವುದೇ ಲಾಭ. ಕಳುಹಿಸುವ ಮುನ್ನ ವಿನ್ಯಾಸದ ತಪ್ಪುಗಳನ್ನು ಒಂದೇ ದಿನದಲ್ಲಿ ಹಿಡಿದು ತಿದ್ದುವುದಕ್ಕೆ ಪೆಟ್ಟಿಗೆಗೆ ಸಾಟಿಯಿಲ್ಲ. ಬೋರ್ಡಿನ ಕೆಲಸವಿಲ್ಲದ ದಿನವೂ ಅದು ಸುಮ್ಮನಿರಬೇಕಿಲ್ಲ. ಗೆರೆಗಳ ಮೇಲೆ ಹಚ್ಚುವ ಹಸಿರು ಸೋಲ್ಡರ್ ಮಾಸ್ಕ್ ಗಟ್ಟಿಯಾಗುವುದು ಇದೇ ಬೆಳಕಿನಲ್ಲಿ, ಸ್ಕ್ರೀನ್ ಪ್ರಿಂಟಿಂಗಿನ ಸಣ್ಣ ಬಲೆಗಳೂ ಇದೇ ಗಾಜಿನ ಮೇಲೆ ಅಚ್ಚಾಗುತ್ತವೆ.